ಆಫೀಸ್ ಮೇಲ್ ತಾನಾಗಿ ಜಿಮೇಲ್‌ಗೆ ಬರುವ ಹಾಗೆ ಮಾಡುವುದು ಹೇಗೆ? ಫಾರ್ವರ್ಡ್ ಹಾಕಿದರೆ ವಾಪಸ್ ಬರುತ್ತಿದೆ

ಮಾದಾಪುರ_ಮಳೆ:

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜ ಹದಮಾಡುವ ಕಾರ್ಖಾನೆ) ಎಕ್ಸ್‌ಪೋರ್ಟ್ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಮನೆ ಮಾದಾಪುರದಿಂದ ಒಳಗೆ. ಮಳೆಗಾಲದಲ್ಲಿ ನಮ್ಮ ಕಡೆ ಹೇಗಿರುತ್ತದೆ ಅಂತ ಇಲ್ಲಿರುವವರಿಗೆ ಹೇಳಬೇಕಿಲ್ಲ. ರಾತ್ರಿ ಗಾಳಿ ಬಂದರೆ ಬೆಳಿಗ್ಗೆ ರಸ್ತೆಗೆ ಮರ ಅಡ್ಡ, ಕರೆಂಟ್ ಇಲ್ಲ, ಮಧ್ಯಾಹ್ನದ ಹೊತ್ತಿಗೆ ಟವರ್ ಕೂಡ ಬ್ಯಾಟರಿ ಮುಗಿದು ಮಲಗುತ್ತದೆ.

ಅಂಥ ದಿನ ಆಫೀಸಿಗೆ ಹೋಗಲು ಆಗುವುದಿಲ್ಲ. ಮೊಬೈಲ್ ಬ್ರೌಸರ್‌ನಲ್ಲಿ ಆಫೀಸ್ ಮೇಲ್ ತೆರೆದರೆ ಚಕ್ರ ಸುತ್ತುತ್ತಲೇ ಇರುತ್ತದೆ, ಲಾಗಿನ್ ಆಗುವ ಹೊತ್ತಿಗೆ ಸಿಗ್ನಲ್ ಹೋಗಿರುತ್ತದೆ, ಮತ್ತೆ ಮೊದಲಿನಿಂದ. ಅದೇ ಮೊಬೈಲಿನಲ್ಲಿ ನನ್ನ ಸ್ವಂತ ಜಿಮೇಲ್ ಮಾತ್ರ ಒಂದೇ ಕಡ್ಡಿ ಸಿಗ್ನಲ್ ಇದ್ದರೂ ಟಿಂಗ್ ಅಂತ ಬರುತ್ತದೆ.

ಹೋದ ವಾರ ಏನಾಯಿತು ಅಂದರೆ, ಮಂಗಳೂರಿನ ಶಿಪ್ಪಿಂಗ್ ಏಜೆಂಟ್ ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿನ ಸರಕಿನ ರಸೀದಿಯ ಡ್ರಾಫ್ಟ್ ಕಳಿಸಿ ಸಂಜೆಯೊಳಗೆ ನೋಡಿ ಹೇಳಿ ಅಂದಿದ್ದರು. ಅದರಲ್ಲಿ ಒಂದು ಲಾಟ್‌ನ ಚೀಲದ ಲೆಕ್ಕ ತಪ್ಪಿತ್ತು. ನಾನು ಮೇಲ್ ನೋಡಿದ್ದು ಮಾರನೆಯ ದಿನ ಹನ್ನೊಂದಕ್ಕೆ. ಅಷ್ಟರಲ್ಲಿ ಅದು ಹಾಗೇ ಮುಂದೆ ಹೋಗಿತ್ತು. ತಿದ್ದಿಸಲು ದುಡ್ಡೂ ಹೋಯಿತು, ಎರಡು ದಿನವೂ ಹೋಯಿತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೇ ಆಫೀಸ್ ಮೇಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಮೇಲ್ ಅನ್ನುವಲ್ಲಿ ಫಾರ್ವರ್ಡಿಂಗ್ ಆನ್ ಮಾಡಿ ನನ್ನ ಜಿಮೇಲ್ ವಿಳಾಸ ಕೊಟ್ಟೆ. ಗೆಳೆಯನಿಂದ ಒಂದು ಟೆಸ್ಟ್ ಮೇಲ್ ಹಾಕಿಸಿದೆ. ಜಿಮೇಲ್‌ಗೆ ಏನೂ ಬರಲಿಲ್ಲ. ಬದಲಿಗೆ ಆಫೀಸ್ ಇನ್‌ಬಾಕ್ಸ್‌ಗೆ ಒಂದು ಎರರ್ ಬಂತು, 550 5.7.520, ನಿಮ್ಮ ಸಂಸ್ಥೆ ಹೊರಗೆ ಫಾರ್ವರ್ಡ್ ಮಾಡಲು ಬಿಡುವುದಿಲ್ಲ ಅಂತ. ಔಟ್‌ಲುಕ್‌ನಲ್ಲಿ ರೂಲ್ ಬರೆದು ನೋಡಿದೆ, ಅದಕ್ಕೂ ಇದೇ ಉತ್ತರ. ಆದರೆ ಪಕ್ಕದ ಟೇಬಲ್‌ನವರ ಆಫೀಸ್ ವಿಳಾಸ ಕೊಟ್ಟರೆ ಸರಿಯಾಗಿ ಹೋಗುತ್ತದೆ.

ಇದಕ್ಕೆ ಬೇರೆ ದಾರಿ ಇದೆಯಾ? ಫಾರ್ವರ್ಡ್ ಆದ ಮೇಲೆ ಆಫೀಸ್ ಇನ್‌ಬಾಕ್ಸ್‌ನಲ್ಲೂ ಒಂದು ಪ್ರತಿ ಉಳಿಯುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಗೋಣಿಕೊಪ್ಪ_ಸಂತೆ:

ಫಾರ್ವರ್ಡ್ ಗೋಜೇ ಬೇಡ. ಜಿಮೇಲ್‌ಗೇ ಹೇಳಿಬಿಡಿ, ಆಫೀಸ್ ಸರ್ವರ್‌ನಿಂದ ಪಾಪ್ ಅನ್ನುವ ಪದ್ಧತಿಯ ಮೂಲಕ ಮೇಲ್ ಎಳೆದುಕೊಳ್ಳಲಿ. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟರೆ ಸಾಕು. ಮೊದಲು ನಾನು ಹಾಗೇ ಮಾಡುತ್ತಿದ್ದೆ.

ಮಡಿಕೇರಿ_ಮಂಜು:

ಹದಿನಾಲ್ಕು ವರ್ಷದಿಂದ ಮೇಲ್ ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಪಾಪ್ ವಿಷಯ. ಆ 5.7.520 ನಂಬರ್ ನೋಡಿದರೆ ಮಾದಾಪುರದವರ ಆಫೀಸ್ ಮೇಲ್ ಇರುವುದು ಮೈಕ್ರೋಸಾಫ್ಟ್ 365 ಅನ್ನುವ ಸೇವೆಯಲ್ಲಿ. ಅಲ್ಲಿ ಬರೀ ಪಾಸ್‌ವರ್ಡ್ ಕೊಟ್ಟು ಪಾಪ್, ಐಮ್ಯಾಪ್ (ಎರಡೂ ಸರ್ವರ್‌ನ ಮೇಲನ್ನು ಬೇರೆ ಆ್ಯಪ್‌ನಲ್ಲಿ ನೋಡುವ ದಾರಿಗಳು) ಮೂಲಕ ಒಳಗೆ ಹೋಗುವ ಹಳೆಯ ಪದ್ಧತಿಯನ್ನು 2022ರ ಅಕ್ಟೋಬರ್‌ನಿಂದ ಮುಚ್ಚುತ್ತಾ ಬಂದರು. ಈಗ ಅದು ನಡೆಯುವುದಿಲ್ಲ. ನಡೆಯುತ್ತಿದ್ದರೂ ಆಫೀಸಿನ ಪಾಸ್‌ವರ್ಡನ್ನು ಇನ್ನೊಂದು ಕಂಪನಿಯ ಸೆಟ್ಟಿಂಗ್‌ನಲ್ಲಿ ಬರೆದಿಡುವುದು ಸರಿಯಲ್ಲ.

ಈಗ ಫಾರ್ವರ್ಡ್. ನೀವು ಸೆಟ್ಟಿಂಗ್ ತಪ್ಪು ಹಾಕಿಲ್ಲ. 2020ರ ಆಚೆಗೆ ಮೈಕ್ರೋಸಾಫ್ಟ್ 365ರಲ್ಲಿ ಹೊರಗಿನ ವಿಳಾಸಕ್ಕೆ ತಾನಾಗಿ ಹೋಗುವ ಫಾರ್ವರ್ಡ್‌ಗೆ ಮೊದಲಿನಿಂದಲೇ ಬೀಗ ಹಾಕಿರುತ್ತದೆ. ನೀವು ಕೈಯಿಂದ ಒಂದೊಂದೇ ಮೇಲ್ ಫಾರ್ವರ್ಡ್ ಮಾಡಿದರೆ ಹೋಗುತ್ತದೆ, ಸಂಸ್ಥೆಯ ಒಳಗಿನ ವಿಳಾಸಕ್ಕೆ ತಾನಾಗಿಯೂ ಹೋಗುತ್ತದೆ, ಹೊರಗೆ ತಾನಾಗಿ ಹೋಗುವುದಕ್ಕೆ ಮಾತ್ರ ತಡೆ. ಸೆಟ್ಟಿಂಗ್‌ನಲ್ಲಿ ಹಾಕಿದರೂ ಅಷ್ಟೇ, ರೂಲ್ ಬರೆದರೂ ಅಷ್ಟೇ, ಎರಡನ್ನೂ ಸರ್ವರ್ ಒಂದೇ ಬಾಗಿಲಲ್ಲಿ ನಿಲ್ಲಿಸುತ್ತದೆ.

ಆ ಬೀಗ ತೆಗೆಯುವ ಅಧಿಕಾರ ನಿಮ್ಮ ಅಡ್ಮಿನ್‌ಗೆ ಇದೆ. ಮೈಕ್ರೋಸಾಫ್ಟ್‌ನ ಡಿಫೆಂಡರ್ ಪೋರ್ಟಲ್ ಅನ್ನುವ ಭದ್ರತೆಯ ಪುಟದಲ್ಲಿ ಆಂಟಿ ಸ್ಪ್ಯಾಮ್ ಪಾಲಿಸಿಗಳ ಒಳಗೆ ಔಟ್‌ಬೌಂಡ್ ಪಾಲಿಸಿ ಅಂತ ಒಂದಿರುತ್ತದೆ. ಅದರಲ್ಲಿ ಆಟೋಮ್ಯಾಟಿಕ್ ಫಾರ್ವರ್ಡಿಂಗ್‌ಗೆ ಮೂರು ಆಯ್ಕೆ ಇವೆ: ಸಿಸ್ಟಂ ಕಂಟ್ರೋಲ್ಡ್, ಆಫ್, ಆನ್. ಮೊದಲನೆಯದು ಅಂದರೂ ಈಗ ಆಫ್ ಅಂತಲೇ ಅರ್ಥ. ಇಡೀ ಆಫೀಸಿಗೆ ಆನ್ ಮಾಡುವ ಅಗತ್ಯವಿಲ್ಲ, ಒಬ್ಬರಿಗೆ ಮಾತ್ರ ಬೇರೆ ಪಾಲಿಸಿ ಮಾಡಿ ಆನ್ ಮಾಡಬಹುದು. ಪ್ರತಿ ಉಳಿಯುತ್ತದಾ ಅಂತ ಕೇಳಿದ್ದಿರಿ. ಫಾರ್ವರ್ಡಿಂಗ್ ಪುಟದಲ್ಲೇ ಪ್ರತಿ ಇಟ್ಟುಕೊಳ್ಳಿ ಅನ್ನುವ ಒಂದು ಟಿಕ್ ಇದೆ. ಅದನ್ನು ಹಾಕದೆ ಬಿಟ್ಟರೆ ಮೇಲ್ ಆಫೀಸ್ ಪೆಟ್ಟಿಗೆಯಲ್ಲಿ ಉಳಿಯುವುದೇ ಇಲ್ಲ, ಜೋಪಾನ.

ದಾರಿ ಹೇಳಿದ್ದೇನೆ, ಆದರೂ ಆ ದಾರಿ ಹಿಡಿಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ನಿಮಗೆ ಬೇಕಾಗಿರುವುದು ಫಾರ್ವರ್ಡ್ ಅಲ್ಲ ಅಲ್ವಾ, ಸಿಗ್ನಲ್ ಕಮ್ಮಿ ಇದ್ದಾಗಲೂ ಆಫೀಸ್ ಮೇಲ್ ಮೊಬೈಲಿಗೆ ಬರಬೇಕು, ಅಷ್ಟೇ. ಜಿಮೇಲ್ ಏಕೆ ಬರುತ್ತದೆ ಯೋಚಿಸಿ. ಅದು ಜಿಮೇಲ್ ಅನ್ನುವ ಕಾರಣಕ್ಕಲ್ಲ, ಆ್ಯಪ್ ಅನ್ನುವ ಕಾರಣಕ್ಕೆ. ಒಮ್ಮೆ ಲಾಗಿನ್ ಆದರೆ ಮುಗಿಯಿತು, ಹಿಂದೆಯೇ ಕೂತು ಸಿಗ್ನಲ್ ಸಿಕ್ಕ ಕ್ಷಣ ಹೊಸ ಮೇಲ್ ತಂದಿಡುತ್ತದೆ, ಸಿಗ್ನಲ್ ಹೋದ ಮೇಲೂ ತಂದದ್ದನ್ನು ಓದಬಹುದು. ವೆಬ್ ಪುಟಕ್ಕೆ ಪ್ರತಿ ಸಲ ಇಡೀ ಅಂಗಡಿಯನ್ನೇ ಹೊತ್ತು ತರಬೇಕು. ಹಾಗಾಗಿ ಮೊಬೈಲಿನಲ್ಲಿ ಔಟ್‌ಲುಕ್ ಆ್ಯಪ್ ಹಾಕಿ ಆಫೀಸ್ ಅಕೌಂಟ್ ಸೇರಿಸಿ. ನಿಮಗೆ ಜಿಮೇಲ್ ಆ್ಯಪೇ ಕೈಗೆ ಹತ್ತಿದ್ದರೆ ಅದರಲ್ಲೇ ಎರಡನೇ ಅಕೌಂಟ್ ಆಗಿ ಆಫೀಸಿನದನ್ನು ಸೇರಿಸಬಹುದು. ಆಗ ಮೇಲ್ ಎಲ್ಲಿಗೂ ಹೋಗುವುದಿಲ್ಲ, ಆಫೀಸ್ ಪೆಟ್ಟಿಗೆಯಲ್ಲೇ ಇರುತ್ತದೆ, ನೀವು ಅದನ್ನು ಇನ್ನೊಂದು ಕಿಟಕಿಯಿಂದ ನೋಡುತ್ತೀರಿ.

ಕಕ್ಕಬ್ಬೆ_ಹೋಂಸ್ಟೇ:

ಮಡಿಕೇರಿಯವರು ಹೇಳಿದ್ದಕ್ಕೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ನಮ್ಮದು ನಾಲ್ಕು ರೂಮಿನ ಹೋಂಸ್ಟೇ. ಸ್ವಂತ ಹೆಸರಿನಲ್ಲಿ ಡೊಮೇನ್ (ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ತಗೊಂಡು, ಬುಕಿಂಗ್‌ಗೆ ಅಂತ ಒಂದು ವಿಳಾಸ ಮಾಡಿದ್ದೆವು. ಹೋಸ್ಟಿಂಗ್‌ನವರ ಸಿಪ್ಯಾನೆಲ್ ಅನ್ನುವ ಸೆಟ್ಟಿಂಗ್ ಪುಟದಲ್ಲಿ ಫಾರ್ವರ್ಡರ್ಸ್ ಅಂತ ಇತ್ತು, ಎರಡು ನಿಮಿಷದ ಕೆಲಸ, ಜಿಮೇಲ್‌ಗೆ ತಿರುಗಿಸಿದೆ. ಆರೇಳು ತಿಂಗಳು ಚೆನ್ನಾಗಿಯೇ ನಡೆಯಿತು.

ಆಮೇಲೆ ಹುತ್ತರಿ ರಜೆಯಲ್ಲಿ ಬೆಂಗಳೂರಿನ ಒಂದು ಕುಟುಂಬ ಬಂದು ಬಾಗಿಲಲ್ಲಿ ನಿಂತರು. ಮೇಲ್ ಮಾಡಿದ್ದೇವೆ, ಅಡ್ವಾನ್ಸ್ ಕಳಿಸಿದ್ದೇವೆ ಅಂದರು. ನನ್ನ ಹತ್ತಿರ ಮೇಲ್ ಇಲ್ಲ, ಸ್ಪ್ಯಾಮ್‌ನಲ್ಲೂ ಇಲ್ಲ. ರೂಮ್ ಬೇರೆಯವರಿಗೆ ಕೊಟ್ಟಾಗಿತ್ತು. ಚಿಕ್ಕ ಮಗು ಇತ್ತು ಅವರ ಜೊತೆ, ಕತ್ತಲಾಗಿತ್ತು, ಚಳಿ. ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಹಿರಿಯರ ಮನೆ) ಹಾಸಿಗೆ ಹಾಕಿ ಕೊಟ್ಟೆವು. ಅವರು ಒಳ್ಳೆಯವರು, ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ನನಗೆ ಇವತ್ತಿಗೂ ಅದು ನೆನಪಾದರೆ ಸಂಕಟ ಆಗುತ್ತದೆ.

ನಮ್ಮ ತಪ್ಪು ಏನಾಗಿತ್ತು ಅಂದರೆ, ಆ ವಿಳಾಸಕ್ಕೆ ಪೆಟ್ಟಿಗೆಯೇ ಮಾಡಿರಲಿಲ್ಲ, ಬರೀ ಫಾರ್ವರ್ಡರ್ ಇತ್ತು. ಜಿಮೇಲ್ ಆ ಮೇಲ್ ಬೇಡ ಅಂದರೆ ಹಿಂದೆ ನೋಡಲು ಎಲ್ಲೂ ಪ್ರತಿ ಇರಲಿಲ್ಲ. ಈಗ ಪೆಟ್ಟಿಗೆ ಮಾಡಿ ಮೊಬೈಲಿನಲ್ಲಿ ಐಮ್ಯಾಪ್ ಹಾಕಿಕೊಂಡಿದ್ದೇವೆ, ಪೋರ್ಟ್ 993. ಕಕ್ಕಬ್ಬೆಯಲ್ಲಿ ನೆಟ್ ಹೇಗಿದೆ ಅಂತ ಗೊತ್ತಲ್ಲ, ಆದರೂ ಒಂದು ಮೇಲೂ ಕಳೆದಿಲ್ಲ.

ಮಾದಾಪುರ_ಮಳೆ:

ಇಬ್ಬರಿಗೂ ತುಂಬಾ ಧನ್ಯವಾದ. ಆ್ಯಪ್ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಆದರೆ ಒಂದು ಅರ್ಥ ಆಗಲಿಲ್ಲ. ಕಕ್ಕಬ್ಬೆಯವರ ಮೇಲ್ ಜಿಮೇಲ್ ಏಕೆ ಬೇಡ ಅಂದಿತು? ಫಾರ್ವರ್ಡ್ ಅಂದರೆ ಬಂದ ಕಾಗದವನ್ನು ಹಾಗೇ ಮುಂದಕ್ಕೆ ಕಳಿಸುವುದು ತಾನೇ?

ಮಡಿಕೇರಿ_ಮಂಜು:

ಹಾಗೇ ಕಳಿಸುವುದೇ ತೊಂದರೆ. ನಿಮ್ಮದೇ ಕೆಲಸದ ಉದಾಹರಣೆ ಕೊಡುತ್ತೇನೆ. ನಿಮ್ಮ ಶಿಪ್ಪಿಂಗ್ ಏಜೆಂಟ್ ತಮ್ಮ ಡೊಮೇನ್‌ನ ಡಿಎನ್‌ಎಸ್‌ನಲ್ಲಿ, ಅಂದರೆ ಎಲ್ಲ ಸರ್ವರ್‌ಗಳೂ ನೋಡಬಹುದಾದ ದಾಖಲೆಯಲ್ಲಿ, ಒಂದು ಪಟ್ಟಿ ಹಾಕಿರುತ್ತಾರೆ: ನಮ್ಮ ಹೆಸರಿನ ಮೇಲ್ ಈ ಈ ಸರ್ವರ್‌ಗಳಿಂದ ಮಾತ್ರ ಬರುತ್ತದೆ, ಬೇರೆ ಕಡೆಯಿಂದ ಬಂದರೆ ನಂಬಬೇಡಿ ಅಂತ. ಇದು ಎಸ್‌ಪಿಎಫ್. ಅವರು ಮೇಲ್ ಕಳಿಸಿದರು, ನಿಮ್ಮ ಆಫೀಸ್ ಸರ್ವರ್ ತಗೊಂಡಿತು, ಪಟ್ಟಿಯಲ್ಲಿ ಹೆಸರಿದೆ, ಸರಿ. ಈಗ ನಿಮ್ಮ ಸರ್ವರ್ ಅದನ್ನೇ ಜಿಮೇಲ್‌ಗೆ ತಳ್ಳುತ್ತದೆ. ಜಿಮೇಲ್‌ಗೆ ಕಾಣುವುದು ಏನು? ಕಳಿಸಿದವರ ಹೆಸರು ಏಜೆಂಟ್‌ದು, ಬಾಗಿಲಿಗೆ ತಂದವರು ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನ ಸರ್ವರ್. ಪಟ್ಟಿಯಲ್ಲಿ ಈ ಸರ್ವರ್ ಇಲ್ಲ. ಮೋಸದ ಮೇಲ್ ಕೂಡ ಹೀಗೇ ಇರುತ್ತದೆ, ಜಿಮೇಲ್‌ಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಇದಕ್ಕೆ ಎಸ್‌ಆರ್‌ಎಸ್ ಅಂತ ಒಂದು ಉಪಾಯ ಇದೆ. ಫಾರ್ವರ್ಡ್ ಮಾಡುವ ಸರ್ವರ್ ಲಕೋಟೆಯ ಮೇಲಿನ ಕಳಿಸಿದವರ ವಿಳಾಸವನ್ನು ತನ್ನ ಹೆಸರಿಗೆ ಬದಲಿಸಿ ಕಳಿಸುತ್ತದೆ. ಮೈಕ್ರೋಸಾಫ್ಟ್ ಇದನ್ನು ಮಾಡುತ್ತದೆ. ಸಣ್ಣ ಹೋಸ್ಟಿಂಗ್‌ಗಳಲ್ಲಿ ಅದನ್ನು ಆನ್ ಮಾಡದೇ ಇರುವುದೂ ಉಂಟು.

ಎರಡನೆಯದು ಡಿಕೆಐಎಂ, ಅಂದರೆ ಮೇಲ್ ಮೇಲೆ ಹಾಕಿದ ಸಹಿ. ಮೇಲ್ ಎಷ್ಟು ಕೈ ದಾಟಿದರೂ ಒಳಗಿನ ಅಕ್ಷರ ಬದಲಾಗದಿದ್ದರೆ ಸಹಿ ಊರ್ಜಿತ. ಆದರೆ ಬಹಳ ಆಫೀಸುಗಳಲ್ಲಿ ಹೊರಗಿನಿಂದ ಬಂದ ಮೇಲ್‌ಗೆ, ಇದು ಹೊರಗಿನದು, ಹುಷಾರು ಅಂತ ಒಂದು ಸಾಲು ಸೇರಿಸುತ್ತಾರೆ. ಆ ಒಂದು ಸಾಲು ಸಾಕು, ಸಹಿ ಕೆಟ್ಟುಹೋಗುತ್ತದೆ. ಪಟ್ಟಿಯೂ ತಾಳೆ ಆಗಲಿಲ್ಲ, ಸಹಿಯೂ ತಾಳೆ ಆಗಲಿಲ್ಲ, ಕಳಿಸಿದವರು ಡಿಮಾರ್ಕ್‌ನಲ್ಲಿ (ತಾಳೆ ಆಗದ ಮೇಲನ್ನು ಏನು ಮಾಡಬೇಕು ಅಂತ ಡೊಮೇನ್‌ನವರು ಬರೆದಿಡುವ ಸೂಚನೆ) ಹೀಗಾದರೆ ತಿರಸ್ಕರಿಸಿ ಅಂತ ಬರೆದಿದ್ದಾರೆ, ಆಗ ಜಿಮೇಲ್ ಅದನ್ನು ಒಳಗೆ ಬಿಡುವುದೇ ಇಲ್ಲ, ಸ್ಪ್ಯಾಮ್‌ಗೂ ಹಾಕುವುದಿಲ್ಲ. ಬ್ಯಾಂಕ್, ಬುಕಿಂಗ್ ಸೈಟ್ ಇಂಥವರೇ ಜಾಸ್ತಿ ಬಿಗಿಯಾಗಿ ಬರೆದಿರುತ್ತಾರೆ. ಮುಖ್ಯವಾದ ಮೇಲೇ ಕಳೆಯುವುದು ಅದಕ್ಕೆ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಇಬ್ಬರೂ ನಿಯಮ ಇನ್ನೂ ಬಿಗಿ ಮಾಡಿದ್ದಾರೆ.

ಇನ್ನೊಂದು ಮಾತು. ನಿಮ್ಮ ಪೆಟ್ಟಿಗೆಗೆ ಬಂದ ಕಸವನ್ನೂ ಫಾರ್ವರ್ಡ್ ತಳ್ಳುತ್ತದೆ. ಆ ಕಸವನ್ನು ಜಿಮೇಲ್‌ಗೆ ಕೊಟ್ಟದ್ದು ನಿಮ್ಮ ಆಫೀಸ್ ಸರ್ವರ್ ಅಂತ ದಾಖಲಾಗುತ್ತದೆ. ದಿನ ಕಳೆದಂತೆ ನೀವು ಇಟಲಿಯ ಗಿರಾಕಿಗೆ ಕಳಿಸುವ ಸ್ವಂತ ಮೇಲ್ ಕೂಡ ಸ್ಪ್ಯಾಮ್‌ಗೆ ಬೀಳಲು ಶುರುವಾಗಬಹುದು.

ಸ್ವಂತ ಸರ್ವರ್ ಆಫೀಸಿನ ಮೂಲೆಯಲ್ಲಿ ಇಟ್ಟುಕೊಂಡವರಿಗೂ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜರಿದ ಆ ವಾರ, ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್ ಕರೆಂಟ್ ಇಲ್ಲದೆ ಮೂರು ದಿನ ನಿಂತಿತ್ತು. ಫಾರ್ವರ್ಡ್ ಇತ್ತು, ಆದರೆ ಫಾರ್ವರ್ಡ್ ಮಾಡಬೇಕಾದ ಯಂತ್ರವೇ ಸತ್ತಿದ್ದರೆ ಏನು ಪ್ರಯೋಜನ? ಕಳಿಸಿದ ಕಡೆಯ ಸರ್ವರ್‌ಗಳು ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸಬೇಕು ಅಂತ ಮೇಲ್‌ನ ನಿಯಮದಲ್ಲೇ ಇದೆ, ಅದರಿಂದ ಕೊನೆಗೆ ಎಲ್ಲ ಬಂತು. ಆ ಮೇಲ್‌ಗಳಲ್ಲಿ ನೀವೆಲ್ಲ ಹೇಗಿದ್ದೀರಿ ಅಂತ ಕೇಳಿದ್ದವೇ ಜಾಸ್ತಿ. ಅದಾದ ಮೇಲೆ ಆ ಸರ್ವರನ್ನು ಜಿಲ್ಲೆಯಿಂದ ಹೊರಗೆ ಡೇಟಾ ಸೆಂಟರ್‌ಗೆ ಸಾಗಿಸಿದೆವು.

ಸೋಮವಾರಪೇಟೆ_ಕಚೇರಿ:

ಇದೇ ಪ್ರಶ್ನೆ ನನಗೂ ಇದೆ. ನನ್ನದು ಕೇಂದ್ರ ಸರ್ಕಾರದ ಎನ್‌ಐಸಿ ಮೇಲ್. ಅದರಿಂದ ಜಿಮೇಲ್‌ಗೆ ಹಾಕಬಹುದಾ?

ಮಡಿಕೇರಿ_ಮಂಜು:

ಇಲ್ಲ. ಸರ್ಕಾರದ ಇಮೇಲ್ ನೀತಿಯಲ್ಲೇ, ಸರ್ಕಾರಿ ಮೇಲನ್ನು ಹೊರಗಿನ ಸ್ವಂತ ವಿಳಾಸಕ್ಕೆ ಫಾರ್ವರ್ಡ್ ಮಾಡುವಂತಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ದಾರಿ ಹುಡುಕಲೂ ಹೋಗಬೇಡಿ.

ಗೋಣಿಕೊಪ್ಪ_ಸಂತೆ:

ಪಾಪ್ ಬಗ್ಗೆ ನಾನು ಹಳೆಯ ಮಾತು ಹೇಳಿದೆ, ತಿದ್ದಿದ್ದಕ್ಕೆ ಮಡಿಕೇರಿಯವರಿಗೆ ಧನ್ಯವಾದ. ಹೊರಗೆ ಫಾರ್ವರ್ಡ್ ಏಕೆ ಮುಚ್ಚಿರುತ್ತಾರೆ ಅನ್ನುವುದಕ್ಕೆ ನಮ್ಮ ಮನೆಯಲ್ಲೇ ನಡೆದದ್ದು ಹೇಳಬೇಕು.

ನಮ್ಮ ಅಣ್ಣ ಕರಿಮೆಣಸಿನ ವ್ಯಾಪಾರ ಮಾಡುತ್ತಾರೆ. ಎರಡು ವರ್ಷದ ಹಿಂದೆ ಅವರಿಗೆ ಒಂದು ಮೇಲ್ ಬಂತು, ಪೆಟ್ಟಿಗೆ ತುಂಬಿದೆ, ಇಲ್ಲಿ ಲಾಗಿನ್ ಆಗಿ ಅಂತ. ಆದರು. ಮರುದಿನ ಅನುಮಾನ ಬಂದು ಪಾಸ್‌ವರ್ಡ್ ಬದಲಾಯಿಸಿದರು. ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ. ಆ ಒಂದು ರಾತ್ರಿಯಲ್ಲಿ ಒಳಗೆ ಬಂದವನು ಒಂದು ರೂಲ್ ಬರೆದಿಟ್ಟು ಹೋಗಿದ್ದ. ಮೇಲ್‌ನಲ್ಲಿ ಇನ್‌ವಾಯ್ಸ್, ಪೇಮೆಂಟ್, ಬ್ಯಾಂಕ್ ಈ ಮೂರರಲ್ಲಿ ಯಾವ ಪದ ಇದ್ದರೂ ಒಂದು ಪ್ರತಿ ಅವನಿಗೆ ಹೋಗಬೇಕು, ಮೂಲ ಮೇಲ್ ಆರ್‌ಎಸ್‌ಎಸ್ ಫೀಡ್ಸ್ ಅನ್ನುವ ಫೋಲ್ಡರ್‌ಗೆ ಹೋಗಿ ಕೂರಬೇಕು. ಆ ಫೋಲ್ಡರ್ ಯಾರು ತೆರೆದು ನೋಡುತ್ತಾರೆ? ಪಾಸ್‌ವರ್ಡ್ ಬದಲಾಯಿಸಿದರೆ ರೂಲ್ ಅಳಿಸಿ ಹೋಗುವುದಿಲ್ಲ, ಇದು ನಮಗೆ ಗೊತ್ತಿರಲಿಲ್ಲ. ಮೂರು ವಾರ ಅವನು ಸುಮ್ನೆ ಕೂತು ಓದಿದ್ದಾನೆ. ಯಾರಿಗೆ ಎಷ್ಟು ಮಾಲು, ಯಾವ ದಿನ ದುಡ್ಡು, ಅಣ್ಣ ಹೇಗೆ ಬರೆಯುತ್ತಾರೆ, ಎಲ್ಲ. ಆಮೇಲೆ ಅಣ್ಣನ ಹೆಸರಿನಲ್ಲಿ ಒಂದೇ ಅಕ್ಷರ ವ್ಯತ್ಯಾಸದ ವಿಳಾಸದಿಂದ ಕೊಚ್ಚಿಯ ಗಿರಾಕಿಗೆ ಮೇಲ್ ಹಾಕಿದ, ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ ಅಂತ.

ಆ ಗಿರಾಕಿ ಹಳೆಯ ಕಾಲದ ಮನುಷ್ಯ. ದುಡ್ಡು ಹಾಕುವ ಮೊದಲು ಫೋನ್ ಮಾಡಿ ಕೇಳಿದರು. ಆ ಒಂದು ಫೋನ್ ಬರದೇ ಇದ್ದಿದ್ದರೆ ಒಂದು ವರ್ಷದ ಮೆಣಸು ಹೋಗುತ್ತಿತ್ತು.

ಹಾಗಾಗಿ ಎಲ್ಲರೂ ಇವತ್ತೇ ನಿಮ್ಮ ಮೇಲ್‌ನ ಸೆಟ್ಟಿಂಗ್ಸ್ ತೆರೆದು ರೂಲ್ಸ್ ಒಂದು ಸಲ, ಫಾರ್ವರ್ಡಿಂಗ್ ಒಂದು ಸಲ ನೋಡಿ. ಜಿಮೇಲ್ ಆದರೆ ಫಿಲ್ಟರ್ಸ್ ಮತ್ತು ಫಾರ್ವರ್ಡಿಂಗ್ ಎರಡನ್ನೂ ನೋಡಬೇಕು. ನೀವು ಹಾಕದ ವಿಳಾಸ ಇದ್ದರೆ ತೆಗೆಯಿರಿ, ಎಲ್ಲ ಕಡೆಯಿಂದ ಲಾಗೌಟ್ ಮಾಡಿಸಿ, ಎರಡು ಹಂತದ ಲಾಗಿನ್ ಹಾಕಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮಾದಾಪುರ_ಮಳೆ:

ಓದಿ ಮೈ ಜುಮ್ಮೆಂದಿತು. ನಾನು ಹಾಕಿದ್ದ ಫಾರ್ವರ್ಡ್ ಮತ್ತು ಆ ರೂಲ್ ಎರಡನ್ನೂ ಈಗಲೇ ತೆಗೆದೆ. ಗಿರಾಕಿಗಳ ಕಾಂಟ್ರ್ಯಾಕ್ಟ್, ರೇಟು, ಬೆಳೆಗಾರರ ಬ್ಯಾಂಕ್ ವಿವರ ಎಲ್ಲ ನನ್ನ ಆ ಪೆಟ್ಟಿಗೆಯಲ್ಲೇ ಇದೆ. ಅದೆಲ್ಲ ನನ್ನ ಸ್ವಂತ ಜಿಮೇಲ್‌ಗೆ ಹೋಗಿ ಕೂತಿದ್ದರೆ, ನಾಳೆ ನಾನು ಕೆಲಸ ಬಿಟ್ಟರೂ ಅಲ್ಲೇ ಇರುತ್ತಿತ್ತು. ಅಷ್ಟು ದೂರ ಯೋಚಿಸಿರಲಿಲ್ಲ.

ಇನ್ನು ಒಂದೇ ಪ್ರಶ್ನೆ. ಟವರೇ ಪೂರ್ತಿ ಹೋದ ದಿನ ಆ್ಯಪ್ ಇದ್ದರೂ ಏನೂ ಬರುವುದಿಲ್ಲ. ಆ ದಿನಕ್ಕೆ ಏನು ಮಾಡಲಿ?

ಮಡಿಕೇರಿ_ಮಂಜು:

ಒಳ್ಳೆಯ ಪ್ರಶ್ನೆ, ಅಲ್ಲಿ ಫಾರ್ವರ್ಡ್ ಕೂಡ ಏನೂ ಮಾಡುತ್ತಿರಲಿಲ್ಲ. ಆ ದಿನ ನೀವು ನೋಡಲು ಆಗುವುದಿಲ್ಲ, ಬೇರೆಯವರು ನೋಡಬೇಕು. ಅದಕ್ಕೆ ಶೇರ್ಡ್ ಮೇಲ್‌ಬಾಕ್ಸ್ ಇದೆ. ಎಕ್ಸ್‌ಪೋರ್ಟ್ ಕಾಗದಗಳಿಗೆ ಅಂತಲೇ ಆಫೀಸಿನ ಹೆಸರಿನಲ್ಲಿ ಒಂದು ವಿಳಾಸ ಮಾಡಿಸಿ. ಮೈಕ್ರೋಸಾಫ್ಟ್ 365ರಲ್ಲಿ 50 ಜಿಬಿಯವರೆಗೆ ಇದಕ್ಕೆ ಬೇರೆ ಲೈಸೆನ್ಸ್ ಬೇಡ, ಖರ್ಚಿಲ್ಲ. ನೀವು ಮತ್ತು ಕುಶಾಲನಗರ ಪೇಟೆಯಲ್ಲೇ ಮನೆ ಇರುವ ಇನ್ನೊಬ್ಬರು, ಇಬ್ಬರಿಗೂ ಅದರ ಅನುಮತಿ ಇರಲಿ. ಏಜೆಂಟ್‌ಗೆ, ಗಿರಾಕಿಗಳಿಗೆ ಇನ್ನು ಮುಂದೆ ಇದೇ ವಿಳಾಸಕ್ಕೆ ಬರೆಯಿರಿ ಅಂತ ತಿಳಿಸಿ. ಯಾರು ಉತ್ತರ ಕೊಟ್ಟರೂ ಅದೇ ವಿಳಾಸದಿಂದ ಹೋಗುತ್ತದೆ. ಕಳಿಸಿದ ಮೇಲ್‌ನ ಪ್ರತಿಯೂ ಆ ಪೆಟ್ಟಿಗೆಯಲ್ಲೇ ಉಳಿಯುವ ಹಾಗೆ ಅಡ್ಮಿನ್ ಹತ್ತಿರ ಆನ್ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಅದು ಬರೆದವರ ಸ್ವಂತ ಪೆಟ್ಟಿಗೆಗೆ ಹೋಗಿರುತ್ತದೆ.

ರಜೆ ಹಾಕಿದಾಗ ಇಬ್ಬರೂ ಒಬ್ಬರಿಗೊಬ್ಬರು ಫಾರ್ವರ್ಡ್ ಹಾಕಿಕೊಳ್ಳಬೇಡಿ. ಒಂದೇ ಮೇಲ್ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ತಿರುಗಲು ಶುರುಮಾಡುತ್ತದೆ. ಲೂಪ್ ಅಂತ ಗೊತ್ತಾಗಿ ಕೊನೆಗೆ ಸರ್ವರ್ ಅದನ್ನು ನಿಲ್ಲಿಸುತ್ತದೆ, ಆದರೆ ಮೇಲ್ ಕೈಗೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಮಾದಾಪುರ_ಮಳೆ:

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಔಟ್‌ಲುಕ್ ಆ್ಯಪ್ ಹಾಕಿದೆ. ಫೋನ್‌ಗೆ ಲಾಕ್ ಕಡ್ಡಾಯ ಮಾಡಿಸಿತು, ಅದು ಒಳ್ಳೆಯದೇ. ನಮ್ಮ ಐಟಿಯವರಿಗೆ ಶೇರ್ಡ್ ಮೇಲ್‌ಬಾಕ್ಸ್ ಬಗ್ಗೆ ಹೇಳಿದೆ, ಅರ್ಧ ಗಂಟೆಯಲ್ಲಿ ಮಾಡಿಕೊಟ್ಟರು. ಪೇಟೆಯಲ್ಲೇ ಮನೆ ಇರುವ ಅಕೌಂಟ್ಸ್‌ನ ಮೇಡಂ ಎರಡನೆಯವರಾಗಲು ಒಪ್ಪಿದರು.

ಮೊನ್ನೆ ಮಂಗಳವಾರ ಇಲ್ಲಿ ಬೆಳಿಗ್ಗೆಯಿಂದ ಟವರ್ ಇರಲಿಲ್ಲ. ಸಂಜೆ ನಾಲ್ಕಕ್ಕೆ ಮೇಲಿನ ತೋಟಕ್ಕೆ ಹತ್ತಿ ನಿಂತಾಗ ಎರಡು ಕಡ್ಡಿ ಸಿಗ್ನಲ್ ಬಂತು, ಹದಿನೇಳು ಮೇಲ್ ಒಟ್ಟಿಗೆ ಇಳಿದವು. ಅದರಲ್ಲಿ ಏಜೆಂಟ್ ಕಳಿಸಿದ ಹೊಸ ಡ್ರಾಫ್ಟ್ ಇತ್ತು. ಅದರ ಕೆಳಗೇ ಮೇಡಂ ಕೊಟ್ಟ ಉತ್ತರವೂ ಇತ್ತು, ಚೀಲದ ಲೆಕ್ಕ ನೋಡಿದ್ದೇವೆ, ಸರಿಯಿದೆ ಅಂತ.